ಮಾತು ಸೋಸುವ ಲೆಕ್ಕ

ಡಿಜಿಟಲ್ ಫಿಲ್ಟರ್ ಎಂದರೆ ಮೂಲತಃ ಒಂದು ಲೆಕ್ಕ. ದನಿಯನ್ನು ಸೆಕೆಂಡಿಗೆ ಸಾವಿರಾರು ಬಾರಿ ಅಳೆದು ಸಂಖ್ಯೆಗಳ ಸಾಲು ಮಾಡಿಕೊಂಡರೆ, ಬೇಡದ್ದನ್ನು ತೆಗೆಯುವುದು ಬರೀ ಕೂಡುವ, ಗುಣಿಸುವ ಕೆಲಸ. 10, 10, 40, 10, 10 ಎಂಬ ಸಾಲಿನಲ್ಲಿ ಪಕ್ಕಪಕ್ಕದ ಮೂರು ಮೂರರ ಸರಾಸರಿ ತೆಗೆದರೆ 20, 20, 20 ಬರುತ್ತದೆ. ನಡುವೆ ಎದ್ದು ನಿಂತಿದ್ದ 40 ತಗ್ಗಿತು. ಥಟ್ಟನೆ ಏರಿಳಿಯುವ ಕೀರಲು ಹೀಗೆ ಕುಗ್ಗುತ್ತದೆ, ನಿಧಾನಕ್ಕೆ ಬದಲಾಗುವ ದನಿ ಉಳಿಯುತ್ತದೆ. ಹಿಂದೆ ಇದಕ್ಕೆ ತಂತಿಯ ಸುರುಳಿ, ಕೆಪಾಸಿಟರ್‌ಗಳು ಬೇಕಿದ್ದವು. ಬಿಸಿಗೂ ಹಳತಾದಂತೆಯೂ ಅವುಗಳ ಗುಣ ಬದಲಾಗುತ್ತಿತ್ತು. ಸಂಖ್ಯೆಗೆ ಆ ಕಾಟವಿಲ್ಲ.

ಹೈದರಾಬಾದಿನ ಮೆಹದಿಪಟ್ಟಣಂ ಬಸ್ ನಿಲ್ದಾಣದಲ್ಲಿ ಮೊಬೈಲ್ ಹಿಡಿದವರ ಮಾತನ್ನು ಸಾಗಿಸುವ ಫಿಲ್ಟರಿನ ಚರಿತ್ರೆಗೆ ಬೆಂಗಳೂರಿನ ನಂಟಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಬಿ.ಎಸ್. ರಾಮಕೃಷ್ಣ ಧ್ವನಿವಿಜ್ಞಾನವನ್ನು ಬೆಳೆಸಿದರು. ಅಲ್ಲಿ 1957ರಿಂದ 1960ರವರೆಗೆ ಅದನ್ನೇ ಕಲಿಸುತ್ತಿದ್ದ ಬಿಷ್ಣು ಅಟಲ್ 1961ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್ ಸೇರಿದರು. 1960ರ ದಶಕದ ಕೊನೆಗೆ ಅವರೂ ಅಲ್ಲಿನ ಮ್ಯಾನ್‌ಫ್ರೆಡ್ ಶ್ರೋಡರ್ ಅವರೂ ಹಿಂದಿನ ಕೆಲವು ಅಳತೆಗಳಿಂದ ಮುಂದಿನದನ್ನು ಊಹಿಸುವ ಫಿಲ್ಟರನ್ನು ಮಾತಿಗೆ ಅಳವಡಿಸಿದರು. ಜಪಾನಿನಲ್ಲಿ ಇಟಾಕುರಾ, ಸೈಟೊ ಎಂಬ ಸಂಶೋಧಕರು ಸರಿಸುಮಾರು ಅದೇ ಹೊತ್ತಿಗೆ ಬೇರೆಯಾಗಿ ಇದೇ ದಾರಿ ಕಂಡುಕೊಂಡರು.

ಈ ಊಹೆ ಫಲಿಸುವುದಕ್ಕೆ ಕಾರಣ ಮನುಷ್ಯನ ಬಾಯಿ. ಗಂಟಲಿನ ನಾದ ಒಂದೇ ಇದ್ದರೂ ನಾಲಿಗೆ, ತುಟಿ, ದವಡೆಗಳು ಅದಕ್ಕೆ 'ಆ' ಎಂದೋ 'ಈ' ಎಂದೋ ರೂಪ ಕೊಡುತ್ತವೆ. ಬಾಯಿಯೇ ಒಂದು ಫಿಲ್ಟರ್. ಅದರ ಆಕಾರ ಕ್ಷಣಕ್ಷಣಕ್ಕೂ ಬದಲಾಗುತ್ತದಾದರೂ ಒಂದು ಮಿತಿಯ ವೇಗದಲ್ಲಿ. ಹಾಗಾಗಿ ಜಿಎಸ್‌ಎಂ ಎಂಬ ಮೊಬೈಲ್ ಫೋನ್ ವ್ಯವಸ್ಥೆಯ ಮೊದಲ ಕ್ರಮದಲ್ಲಿ 20 ಮಿಲಿಸೆಕೆಂಡಿನ ಮಾತನ್ನು, ಅಂದರೆ 160 ಅಳತೆಗಳನ್ನು, ಬಾಯಿಯ ಆಕಾರ ಹೇಳುವ ಎಂಟು ಸಂಖ್ಯೆಗಳು ಮತ್ತು ಊಹೆಗೆ ಸಿಗದೆ ಉಳಿದ ಶೇಷ ಎಂದು ಬೇರ್ಪಡಿಸಲಾಯಿತು. ಶೇಷವನ್ನೂ ಅಡಕ ಮಾಡಿದಾಗ, ಸೆಕೆಂಡಿಗೆ 104 ಕಿಲೋಬಿಟ್ ಬೇಡುತ್ತಿದ್ದ ಮಾತಿಗೆ 13 ಕಿಲೋಬಿಟ್ ಸಾಕಾಯಿತು. ಅಗ್ಗದ ಮೊಬೈಲ್ ಕರೆಯ ಹಿಂದಿನ ದೊಡ್ಡ ಸಾಧನೆಗಳಲ್ಲಿ ಇದೂ ಒಂದು.

ಬೆಂಗಳೂರಿನ ಈ ಪರಂಪರೆ ಹೈದರಾಬಾದಿಗೂ ಬಂತು. ಮೆಹದಿಪಟ್ಟಣಂನಿಂದ ಟೋಲಿಚೌಕಿ ದಾಟಿ ಹೋದರೆ ಸಿಗುವ ಗಚ್ಚಿಬೌಲಿಯ ಹೈದರಾಬಾದ್ ವಿಶ್ವವಿದ್ಯಾಲಯಕ್ಕೆ 1980ರ ದಶಕದಲ್ಲಿ ರಾಮಕೃಷ್ಣ ಕುಲಪತಿಯಾಗಿದ್ದರು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲೇ ಓದಿ, ಕಲಿಸಿದ್ದ ಬಿ. ಯಜ್ಞನಾರಾಯಣ ಮುಂದೆ ಅದೇ ಗಚ್ಚಿಬೌಲಿಯ ಐಐಐಟಿಯಲ್ಲಿ ಮಾತಿನ ಸಂಸ್ಕರಣೆಯ ಸಂಶೋಧನೆ ನಡೆಸಿದರು.

ಬಾಯಿಯನ್ನೇ ಮಾದರಿ ಮಾಡಿಕೊಂಡ ಫಿಲ್ಟರಿಗೆ ಬಸ್ಸಿನ ಹಾರನ್ ಒಗ್ಗದು. ಅದನ್ನೂ ಮಾತೆಂದೇ ಎಣಿಸಿ ಒಡಕು ದನಿ ಕೊಡುತ್ತದೆ. ಹಾಡಿನ ಗತಿಯೂ ಅದೇ. ಹಾರನ್ನಿನಂಥ ಗದ್ದಲ ತಗ್ಗಿಸಲು ಮುಂದೆ ಹಲವು ಫೋನುಗಳಲ್ಲಿ ಎರಡನೆಯ ಮೈಕ್ ಬಂತು. ಸುತ್ತಲಿನ ಗದ್ದಲವನ್ನು ಅದು ಬೇರೆಯಾಗಿ ಕೇಳಿಸಿಕೊಳ್ಳುತ್ತದೆ; ಮಾತನ್ನು ಅಡಕಗೊಳಿಸುವ ಮೊದಲೇ ಇನ್ನೊಂದು ಫಿಲ್ಟರ್ ಆ ಗದ್ದಲವನ್ನು ಅಂದಾಜಿಸಿ ಕಳೆಯುತ್ತದೆ.