ಹೊಳಲ್ಕೆರೆ ಸೀಮೆಯ ಒಣನೆಲವೂ ಮನೆಯ ಮೇನ್ ಬ್ರೇಕರೂ

1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೂ, 1905ರಲ್ಲಿ ಬೆಂಗಳೂರಿನ ಬೀದಿಗಳಿಗೂ ಹರಿದ ವಿದ್ಯುಚ್ಛಕ್ತಿಯು ಕಾಲಕ್ರಮೇಣ ಚಿತ್ರದುರ್ಗ ಸೀಮೆಯ ಮಣ್ಣಿನ ಮಾಳಿಗೆಮನೆಗಳನ್ನು ಹೊಕ್ಕಾಗ, ಅದರೊಡನೆ ರಕ್ಷಣೆಗೆಂದು ಬಂದುದು ಮರದ ಹಲಗೆಯ ಮೇಲಣ ಒಂದು ಮೇನ್ ಸ್ವಿಚ್ಚು ಮತ್ತು ಪಿಂಗಾಣಿಯ ಫ್ಯೂಸು. ಹೊಳಲ್ಕೆರೆಯ ಹಳೆಯ ಮನೆಯೊಂದರಲ್ಲಿ ಅಂಥ ಹಲಗೆಯನ್ನು ನಾನು ಕಂಡೆನು. ಪಿಂಗಾಣಿ ಕರಕಲಾಗಿತ್ತು, ಕೂದಲೆಳೆಯಂಥ ಫ್ಯೂಸ್ ತಂತಿ ಇರಬೇಕಾದೆಡೆಯಲ್ಲಿ ವೈರಿನಿಂದ ಬಿಚ್ಚಿದ ಮೂರು ತಾಮ್ರದೆಳೆಗಳನ್ನು ಹೊಸೆದು ಬಿಗಿದಿದ್ದರು. “ಪದೇ ಪದೇ ಹೋಗ್ತಿತ್ತು, ದಪ್ಪಕ್ಕೆ ಕಟ್ಟಿದ್ವಿ” ಎಂದರು ಮನೆಯವರು.

ಪ್ರವಾಹವು ಇಮ್ಮಡಿಯಾದರೆ ತಂತಿಯಲ್ಲಿ ಹುಟ್ಟುವ ಶಾಖವು ನಾಲ್ಮಡಿಯಾಗುವುದು. ಮೊದಲು ಕರಗಬೇಕಾದ ಎಳೆ ಕರಗದಿದ್ದಲ್ಲಿ, ತೊಲೆ-ಜಂತೆಗಳ ಸಂದಿಯಲ್ಲಿ ಹಾದ ವೈರಿನ ಹೊದಿಕೆ ಕರಗುವುದು. ಹೀಗೆ ದಪ್ಪಕ್ಕೆ ಕಟ್ಟುವ ಅವಕಾಶವನ್ನೇ ಇಲ್ಲವಾಗಿಸಿದುದು 1924ರಲ್ಲಿ ಜರ್ಮನಿಯ ಹ್ಯೂಗೋ ಸ್ಟಾಟ್ಜ್ ರೂಪಿಸಿದ ಕಿರುಬ್ರೇಕರು, ಇಂದಿನ ಎಂಸಿಬಿ. ಅದರೊಳಗಿನ ಜೋಡಿಲೋಹದ ಪಟ್ಟಿ ಅತಿಭಾರದ ಶಾಖಕ್ಕೆ ಬಾಗಿಯೂ, ಸುರುಳಿಯು ಶಾರ್ಟ್ ಸರ್ಕ್ಯೂಟಿನ ಕಾಂತಬಲದಿಂದ ಕ್ಷಣಾರ್ಧದಲ್ಲಿ ಸೆಳೆದೂ ಮಂಡಲವನ್ನು ಕಡಿಯುತ್ತವೆ.

ಆದರೆ ಈ ಬ್ರೇಕರು ಕಾಯುವುದು ತಂತಿಯನ್ನು, ಮನುಷ್ಯನನ್ನಲ್ಲ. ಹೊಳಲ್ಕೆರೆಯಂಥ ಮಳೆ ಕಡಮೆಯ ಸೀಮೆಯಲ್ಲಿ ಈ ಭೇದವು ಪ್ರಾಣದ ಪ್ರಶ್ನೆಯೆಂಬುದೇ ನನ್ನ ವಾದ. ಗ್ರೈಂಡರಿನ ಲೋಹದ ಮೈಗೆ ಫೇಸ್ ತಗುಲಿತೆನ್ನೋಣ. ಪ್ರವಾಹವು ಮನೆಯ ಅರ್ಥಿಂಗ್ ಗುಂಡಿಯಿಂದಿಳಿದು, ನೆಲದ ಮೂಲಕವೇ ಟ್ರಾನ್ಸ್‌ಫಾರ್ಮರನ್ನು ಸೇರಬೇಕು. ಇದ್ದಲು-ಉಪ್ಪು ತುಂಬಿದ ಗುಂಡಿ ಚೈತ್ರ-ವೈಶಾಖದಲ್ಲಿ ಒಣಗಿ, ಆ ಮಾರ್ಗದ ರೋಧವು 20 ಓಮಿಗೇರಿತೆಂದರೆ, 230 ವೋಲ್ಟಿನ ಒತ್ತಡವು ಹರಿಸಬಲ್ಲ ಪ್ರವಾಹ ಹನ್ನೊಂದೂವರೆ ಆಂಪಿಯರು ಮಾತ್ರ. 32 ಆಂಪಿಯರಿನ ಮೇನ್ ಇದನ್ನು ದೋಷವೆಂದೇ ಗಣಿಸದು, ಅದು ಬೀಳದು. ಗ್ರೈಂಡರು ಜೀವಂತವಾಗಿಯೇ ಉಳಿಯುವುದು, ಒದ್ದೆಗೈಯಿಂದ ಮುಟ್ಟಲು ಬರುವ ತಾಯಿಗಾಗಿ.

ಈ ಕೊರತೆಯನ್ನು ತುಂಬುವುದು ಮತ್ತೊಂದು ಬಗೆಯ ಬ್ರೇಕರಾದ ಆರ್‌ಸಿಸಿಬಿ. ಫೇಸಿನಲ್ಲಿ ಹೋದುದೂ ನ್ಯೂಟ್ರಲಿನಲ್ಲಿ ಮರಳಿದುದೂ ಸಮವಾಗಿವೆಯೇ ಎಂದು ಅದು ಸದಾ ತೂಗುತ್ತಿರುವುದು. 30 ಮಿಲಿಆಂಪಿಯರಿನ ಅಂತರ ಕಂಡೊಡನೆ, ಸೆಕೆಂಡಿನ ಮೂರು ದಶಾಂಶದೊಳಗಾಗಿ ಎರಡೂ ತಂತಿಗಳನ್ನು ಕಡಿಯುವುದು. ನೆಲ ಎಷ್ಟೇ ಒಣಗಿರಲಿ, ಹನ್ನೊಂದು ಆಂಪಿಯರೆಂಬುದು ಅದರ ಪಾಲಿಗೆ ಪ್ರಳಯವೇ ಸರಿ. ಅತಿಭಾರವನ್ನು ಮಾತ್ರ ಅದು ಅರಿಯದು. ಆದುದರಿಂದ ಎಂಸಿಬಿಯೊಡನೆ ಇರತಕ್ಕದ್ದೇ ಹೊರತು ಅದಕ್ಕೆ ಬದಲಾಗಿಯಲ್ಲ.

ಮೇನ್ ಇಳಿಸಿದರೆ ಮನೆಯೆಲ್ಲ ನಿರ್ಜೀವವೆಂಬ ನಂಬಿಕೆಯೂ ಪೂರ್ಣಸತ್ಯವಲ್ಲ. ಮೀಟರಿನಿಂದ ಮೇನಿನ ಮೇಲ್ತುದಿಗೆ ಬರುವ ತಂತಿಯಲ್ಲಿ ವಿದ್ಯುತ್ತು ಇದ್ದೇ ಇರುವುದು. ಯುಪಿಎಸ್ ಇದ್ದ ಮನೆಯಲ್ಲಿ ಅದರ ಸಾಲಿನ ದೀಪಗಳೂ ಉರಿಯುತ್ತಲೇ ಇರುವುವು. ಮೇನಿನ ಮುಂದೆ ಜೋಳದ ಮೂಟೆ ಒಟ್ಟುವ ರೂಢಿಯನ್ನೂ ಬಿಡಬೇಕು. ಆಪತ್ಕಾಲದಲ್ಲಿ ಕೈ ಮೊದಲು ತಲುಪಬೇಕಾದುದು ಅಲ್ಲಿಗೆ.

ಹೊಸ ವೈರಿಂಗ್ ಮಾಡಿಸುವ ನಮ್ಮ ಸೀಮೆಯ ಗೃಹಸ್ಥರಲ್ಲಿ ನನ್ನ ಬಿನ್ನಹವಿಷ್ಟೆ: ಅರ್ಥಿಂಗ್ ಗುಂಡಿಯ ರೋಧವನ್ನು ಮಳೆಗಾಲದಲ್ಲಲ್ಲ, ಕಡುಬೇಸಗೆಯಲ್ಲಿ ಅಳೆಯಿಸಿರಿ. ಆರ್‌ಸಿಸಿಬಿಯ ಮೇಲೆ ‘ಟಿ’ ಎಂದು ಬರೆದ ಗುಂಡಿಯೊಂದುಂಟು. ಅದನ್ನು ಆಗಾಗ ಒತ್ತಿ ನೋಡಿರಿ. ಕರೆಂಟಿದ್ದಾಗ ಒತ್ತಿದರೂ ಬೀಳದಿದ್ದರೆ ಅಂದೇ ಬದಲಾಯಿಸಿರಿ.