ವೀರಗಲ್ಲುಗಳಲ್ಲಿ ಯುದ್ಧಕಾವ್ಯ ಮತ್ತು ಶಿಲ್ಪ

ವೀರಗಲ್ಲು ಕಾದಿ ಮಡಿದವನ ನೆನಪಿಗೆ ನಿಲ್ಲಿಸಿದ ಶಿಲ್ಪಸಹಿತ ಸ್ಮಾರಕ. ಹೋರಾಟದ ಚಿತ್ರ, ಸತ್ತವನನ್ನು ಕುರಿತ ಗದ್ಯ ಅಥವಾ ಪದ್ಯ, ಆಳುತ್ತಿದ್ದ ಅರಸನ ಹೆಸರು ಒಂದೇ ಚಪ್ಪಡಿಯಲ್ಲಿ ಸಿಗುವುದರಿಂದ, ಕನ್ನಡದ ಯುದ್ಧಕಾವ್ಯವನ್ನು ಚಿತ್ರ ಮತ್ತು ಚರಿತ್ರೆಗಳ ಜೊತೆಗಿಟ್ಟು ಓದಲು ಇದು ಮುಖ್ಯ ಆಕರ.

ಹಿನ್ನೆಲೆ

ಸಾಮ್ರಾಜ್ಯಗಳ ಕದನಕ್ಕಿಂತ ಊರಿನ ಕಾಳಗಗಳೇ ಈ ಕಲ್ಲುಗಳಲ್ಲಿ ಹೆಚ್ಚಾಗಿ ಕಾಣುತ್ತವೆ. ದನಗಳನ್ನು ಅಟ್ಟಿಕೊಂಡು ಹೋದವರಿಂದ ಮರಳಿ ತರುವಾಗ ಸತ್ತವನದು ತುರುಗೊಳ್. ಊರಿನ ರಕ್ಷಣೆಗೆ ನಿಂತು ಸತ್ತವನದು ಊರಳಿವು. ಹೆಣ್ಣಿನ ಮಾನ ಕಾಯಲು ಹೋರಾಡಿದ್ದು ಪೆಣ್ಬುಯ್ಯಲ್. ವೀರನಿಗೆ ಅಥವಾ ಅವನ ಮನೆಯವರಿಗೆ ಭೂಮಿ ಕೊಡುವುದು ವಾಡಿಕೆ. ಸುಮಾರು 450ರ ಹಲ್ಮಿಡಿ ಶಾಸನದಲ್ಲೇ ಬಾಳ್ಗಳ್ಚು ಎಂಬ ದತ್ತಿಯ ಉಲ್ಲೇಖವಿದೆ. ಮುಂದಿನ ಶಾಸನಗಳಲ್ಲಿ ಕಲ್ನಾಡು, ನೆತ್ತರುಗೊಡಗೆ ಎಂಬ ಹೆಸರುಗಳು ಬರುತ್ತವೆ.

ಚಿತ್ರವಿನ್ಯಾಸ

ಸಾಮಾನ್ಯವಾಗಿ ಕಲ್ಲಿಗೆ ಮೂರು ಪಟ್ಟಿಕೆಗಳಿದ್ದು, ಅವುಗಳನ್ನು ಕೆಳಗಿನಿಂದ ಮೇಲಕ್ಕೆ ನೋಡಬೇಕು. ತಳದಲ್ಲಿ ಕಾಳಗ, ತುರುಗೊಳ್ ಆದರೆ ಪಕ್ಕದಲ್ಲಿ ದನಗಳ ಸಾಲು. ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುವ ದೃಶ್ಯ. ತುದಿಯಲ್ಲಿ ಶಿವಲಿಂಗ, ನಂದಿ ಅಥವಾ ಇಷ್ಟದೈವದ ಸನ್ನಿಧಿ. ಈ ವಿನ್ಯಾಸ ಊರಿಂದೂರಿಗೆ ಹೆಚ್ಚು ಬದಲಾಗದು. ಸತ್ತವನು ಯಾರು, ಯಾರ ವಿರುದ್ಧ ಕಾದಿದ, ಉಳಿದವರಿಗೆ ದೊರೆತದ್ದೇನು ಎಂಬುದನ್ನು ಅಕ್ಷರವೇ ಹೇಳಬೇಕು. ಚಿತ್ರ ಸ್ವರ್ಗದ ಭರವಸೆ ಕೊಟ್ಟರೆ ಬರಹ ನೆಲದ ಲೆಕ್ಕ ಒಪ್ಪಿಸುತ್ತದೆ.

ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಬೇಗೂರಿನ ಕಲ್ಲು ಈ ರೂಢಿಯನ್ನು ಮೀರಿದೆ. ಆನೆ, ಕುದುರೆ, ಕಾಲಾಳುಗಳು ಕಿಕ್ಕಿರಿದ ರಣರಂಗವೇ ಅದರಲ್ಲಿ ಮೂಡಿದೆ. ಗಂಗರ ಎರೆಯಪ್ಪನ ಕಾಲದಲ್ಲಿ ವೀರಮಹೇಂದ್ರನ ಎದುರು ತುಂಬೆಪಾಡಿಯಲ್ಲಿ ನಾಗತ್ತರನು ಮಡಿದನೆಂದೂ, ಬೆಂಪೂರು ಹನ್ನೆರಡು ಎಂಬ ನಾಡು ಇರುಗನೆಂಬವನಿಗೆ ಕಲ್ನಾಡಾಗಿ ಸಂದಿತೆಂದೂ ಶಾಸನ ತಿಳಿಸುತ್ತದೆ.

ಆತಕೂರು ಶಾಸನ

ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ, ಶಕ 872ರ (949–50) ಈ ಶಾಸನ ಗದ್ಯ ಪದ್ಯಗಳ ಪ್ರೌಢ ರಚನೆ. ರಾಷ್ಟ್ರಕೂಟ ಮೂರನೆಯ ಕೃಷ್ಣ ತಕ್ಕೋಲಂನಲ್ಲಿ ಚೋಳರನ್ನು ಸೋಲಿಸಿದ್ದು, ಚೋಳ ರಾಜಾದಿತ್ಯನನ್ನು ಗಂಗರ ಇಮ್ಮಡಿ ಬೂತುಗ ಕೊಂದದ್ದು, ಅದಕ್ಕಾಗಿ ಬೂತುಗನಿಗೆ ಬನವಾಸಿ ಪನ್ನಿರ್ಛಾಸಿರ ಮೊದಲಾದ ನಾಡುಗಳು ದೊರೆತದ್ದು ಇದರಲ್ಲಿವೆ. ಚೋಳರ ಲೈಡನ್ ತಾಮ್ರಪಟಗಳು ಇದೇ ಸಾವನ್ನು ಕೃಷ್ಣನ ಬಾಣದ ಲೆಕ್ಕಕ್ಕೆ ಸೇರಿಸುತ್ತವೆ.

ಕಲ್ಲಿನ ಮೇಲೆ ಕೆತ್ತಿರುವುದು ಮಾತ್ರ ಈ ಮಹಾಯುದ್ಧವನ್ನಲ್ಲ, ಹಂದಿಯ ಮೇಲೆ ಎರಗಿದ ನಾಯಿಯನ್ನು. ಯುದ್ಧದಲ್ಲಿ ಮೆರೆದ ಮಣಲರತನೆಂಬ ವೀರ ಬೂತುಗನಿಂದ ಬೇಡಿ ಪಡೆದದ್ದು ಕಾಳಿ ಎಂಬ ಬೇಟೆನಾಯಿ. ಅದು ದೊಡ್ಡ ಹಂದಿಯೊಡನೆ ಹೋರಾಡಿ, ಎರಡೂ ಸತ್ತವು. ಚಲ್ಲೇಶ್ವರ ಗುಡಿಯೆದುರು ಕಲ್ಲು ನಿಲ್ಲಿಸಿ ಭೂಮಿ ಬಿಡಲಾಯಿತು. ಕಲ್ಲನ್ನು ಪೂಜಿಸದೆ ಉಣ್ಣುವ ಗೊರವನಿಗೆ (ಶೈವ ಅರ್ಚಕನಿಗೆ) ನಾಯಿಯ ಪಾಪ ತಟ್ಟುವುದೆಂಬ ಕಟ್ಟಳೆಯೂ ಸೇರಿತು.

ಮಾರ್ಗಕಾವ್ಯದೊಡನೆ ನಂಟು

ಪಂಪನ ವಿಕ್ರಮಾರ್ಜುನ ವಿಜಯ (941) ಆತಕೂರು ಶಾಸನಕ್ಕಿಂತ ಎಂಟೊಂಬತ್ತು ವರ್ಷ ಹಿರಿಯದು. ರಾಷ್ಟ್ರಕೂಟರ ಸಾಮಂತ ಅರಿಕೇಸರಿಯನ್ನು ಪಂಪ ಅರ್ಜುನನೊಡನೆ ಸಮೀಕರಿಸಿದ. ಮುಂದೆ ರನ್ನ ಗದಾಯುದ್ಧದಲ್ಲಿ ಸತ್ಯಾಶ್ರಯನನ್ನು ಭೀಮನೊಡನೆ ಸಮೀಕರಿಸಿದ. ಜೋಳದ ಪಾಳಿ, ಅಂದರೆ ಉಂಡ ಅನ್ನದ ಋಣ, ಕಾವ್ಯಕ್ಕೂ ಕಲ್ಲಿಗೂ ಸಮಾನವಾದ ಮೌಲ್ಯ. ಆದರೆ ಕಾವ್ಯದ ನಾಯಕತ್ವ ಅರಸನಿಗೆ ಮೀಸಲು. ಕಲ್ಲಿನಲ್ಲಿ ಗೌಂಡನೂ ದನಗಾಹಿಯೂ ನಾಯಕರಾಗಬಲ್ಲರು.

ಅಧ್ಯಯನ

1886ರಲ್ಲಿ ಬಿ. ಎಲ್. ರೈಸ್ ಆರಂಭಿಸಿದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳು ಶಾಸನಪಾಠಕ್ಕೆ ಒತ್ತು ಕೊಟ್ಟವು. ಎಂ. ಚಿದಾನಂದಮೂರ್ತಿಯವರ ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ (1966) ವೀರರ ಬದುಕನ್ನೂ ನಂಬಿಕೆಗಳನ್ನೂ ಚರ್ಚೆಗೆ ತಂದಿತು. ಆರ್. ಶೇಷಶಾಸ್ತ್ರಿ ವೀರಗಲ್ಲುಗಳನ್ನೇ ಪ್ರತ್ಯೇಕ ವಿಷಯವಾಗಿ ಅಭ್ಯಸಿಸಿದರು. ಬರಹವಿಲ್ಲದ ಕಲ್ಲುಗಳೂ ಹೇರಳವಾಗಿದ್ದು, ಅವುಗಳ ಕಾಲವನ್ನು ಆಯುಧ, ಉಡುಪು, ಶಿಲ್ಪಶೈಲಿಗಳ ಆಧಾರದಿಂದ ಅಂದಾಜಿಸುತ್ತಾರೆ. ಅದಕ್ಕೆ ಅಳತೆಗೋಲಾಗುವುದು ಆತಕೂರಿನಂಥ, ತೇದಿ ಇರುವ ಕಲ್ಲುಗಳೇ.