ಡಿಸ್ಕೋಗೆ ಬೆಂಗಳೂರಿನ ನಂಟು

ಬಳ್ಳಾರಿ, ಸಿರುಗುಪ್ಪ, ಕುರುಗೋಡು – ಮದುವೆ ಮೆರವಣಿಗೆ ಎಲ್ಲಿಯದೇ ಇರಲಿ, ಡಿಜೆ ಶುರುವಾದರೆ ನಾಲ್ಕು ಮಾತ್ರೆಗೆ ನಾಲ್ಕು ಸಮನಾದ ಡ್ರಮ್ ಪೆಟ್ಟು. ತಾಳ ಗೊತ್ತಿಲ್ಲದವನೂ ಕುಣಿದಾನು! ಇದು ಡಿಸ್ಕೋದ ಬಳುವಳಿ.

ನ್ಯೂಯಾರ್ಕಿನಲ್ಲಿ ಕಪ್ಪು ಜನರು, ಸಲಿಂಗಿಗಳು ಸೇರುತ್ತಿದ್ದ ಕ್ಲಬ್ಬುಗಳಲ್ಲಿ ಬೆಳೆದ ಸಂಗೀತವಿದು. 1979ರ ಜುಲೈ 12ರಂದು ಷಿಕಾಗೋದ ಕ್ರೀಡಾಂಗಣವೊಂದರಲ್ಲಿ ಡಿಸ್ಕೋ ಧ್ವನಿಮುದ್ರಿಕೆಗಳನ್ನು ರಾಶಿ ಹಾಕಿ ಸ್ಫೋಟಿಸಲಾಯಿತು. ಅಲ್ಲಿ ಅದರ ಕಥೆ ಮುಗಿಯಿತೆಂದರು. ನಮ್ಮಲ್ಲಿ ಹುಚ್ಚು ಹಿಡಿದದ್ದೇ ಮರುವರ್ಷ, 'ಕುರ್ಬಾನಿ'ಯ 'ಆಪ್ ಜೈಸಾ ಕೋಯಿ'ಯಿಂದ. ಹಾಡಿದವರು ಹದಿಹರೆಯದ ನಾಜಿಯಾ ಹಸನ್. ಸಂಯೋಜಿಸಿದ ಬಿದ್ದು ಅಪ್ಪಯ್ಯ ಬೆಂಗಳೂರಿನಲ್ಲಿ ಹುಟ್ಟಿದ ಕೊಡವರು! 1974ರಲ್ಲಿ ಲಂಡನ್ನಿನಲ್ಲಿ, ರೆಕಾರ್ಡಿನ ಹಿಂಬದಿ ತುಂಬಲೆಂದು ಅವರು ಆತುರಾತುರವಾಗಿ ಮುದ್ರಿಸಿದ್ದ 'ಕುಂಗ್ ಫೂ ಫೈಟಿಂಗ್' ಬ್ರಿಟನ್, ಅಮೆರಿಕ ಎರಡರಲ್ಲೂ ಮೊದಲ ಸ್ಥಾನಕ್ಕೇರಿತ್ತು.

ಡಿಸ್ಕೋ ಎಂದರೆ ನಮಗೆ ನೆನಪಾಗುವುದು ಬಪ್ಪಿ ಲಾಹಿರಿ. ಬಿದ್ದು ಹೆಸರು ಕನ್ನಡಿಗರಿಗೇ ಅಪರಿಚಿತ. ಅವರ 'ಡಿಸ್ಕೋ ದೀವಾನೆ'ಯನ್ನು 2012ರಲ್ಲಿ 'ಸ್ಟೂಡೆಂಟ್ ಆಫ್ ದಿ ಇಯರ್' ಚಿತ್ರ ಮತ್ತೆ ಬಳಸಿಕೊಂಡಿತು.